ಫಟಫಟಿಗೆ ಕೀಲೆಣ್ಣೆ

ಬಂಡಿಯಿಂದ ಇಳಿದವಳೇ ಮಲಕಮ್ಮ ಮೊದಲು ವರನ ಬಾಯಿ ಮೂಸಿದಳು. ಅದೂ ಮುರುಮು ಎಂಬ ಊರಿನ ನಡುಬಜಾರಿನಲ್ಲಿ, ಸಂತೆಯ ಜನರೆಲ್ಲ ನೋಡುತ್ತಿರುವಾಗ. ತನ್ನ ಮೋಟಾರು ಸೈಕಲ್ಲಿನ, ಅಂದರೆ ಫಟಫಟಿಯ, ಹಿಡಿಕೆ ಹಿಡಿದು ನಿಂತಿದ್ದ ಜವಳಿ ಅಂಗಡಿಯ ರೇವಣಸಿದ್ಧನಿಗೆ ಭೂಮಿಯೊಳಗೆ ಇಳಿದುಹೋಗಬೇಕೆನಿಸಿತು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಇಂಥವನ ಬಾಯಿಯನ್ನೂ ಮೂಸಿ ನೋಡುವ ಕಾಲ ಬಂತಲ್ಲ!

ಮುದುಕಿಯದೇನೂ ತಪ್ಪಿರಲಿಲ್ಲ. ಅವಳ ಮೊಮ್ಮಗಳು ಕುಸುಮಬಾಯಿಯನ್ನು ಇವನಿಗೆ ಕೊಡುವ ಮಾತುಕತೆ ಮುಗಿದು, ವೀಳ್ಯ ಬದಲಾಯಿಸುವುದೊಂದೇ ಉಳಿದಿತ್ತು. ಅಷ್ಟರಲ್ಲಿ ಹುಡುಗಿಯ ಊರು ಮಾಕಣಿಗೆ ಸುದ್ದಿ ಮುಟ್ಟಿತು: ಹುಡುಗ ಸೇಂದಿ ಕುಡಿಯುತ್ತಾನೆ, ಫಟಫಟಿಯ ಮೇಲೆ ಕೂತರೆ ಬಜಾರಿನ ತುಂಬ ಓಲಾಡುತ್ತಾನೆ. ಹುಡುಗಿಯ ತಂದೆ ಕಲ್ಯಾಣಪ್ಪ ಒಂದು ಸಲ ಬಂದು, ಮರೆಯಲ್ಲಿ ನಿಂತು ಕಣ್ಣಾರೆ ನೋಡಿಯೂ ಹೋಗಿದ್ದ. ಸಂಬಂಧ ಬೇಡವೆಂದು ಹೇಳಿಬಿಡೋಣ ಎಂದೇ ಇವತ್ತು ಬಂಡಿ ಕಟ್ಟಿದ್ದ. ಹೇಳುವ ಮೊದಲು ನಾನೊಮ್ಮೆ ನೋಡುತ್ತೇನೆ ಎಂದು ಅವನ ತಾಯಿ ಮಲಕಮ್ಮನೂ ಹತ್ತಿ ಕೂತಳು. ಅವರು ಬಜಾರು ಮುಟ್ಟುವುದಕ್ಕೂ ರೇವಣಸಿದ್ಧ ಆ ಕಡೆಯಿಂದ ಓಲಾಡುತ್ತ ಬಂದು, ಒಣಮೆಣಸಿನಕಾಯಿ ರಾಶಿಗೆ ಚಕ್ರ ತಗುಲಿಸಿ ನಿಲ್ಲುವುದಕ್ಕೂ ಸರಿಹೋಯಿತು.

“ಲವಂಗದ ವಾಸನಿ,” ಎಂದಳು ಮಲಕಮ್ಮ.

ಕುಡಿದವರು ಜಗಿಯುವುದೂ ಲವಂಗವನ್ನೇ ಎಂದು ಕಲ್ಯಾಣಪ್ಪ ಗೊಣಗಿದ.

“ಲಿಂಗದ ಆಣಿ ಆಯಿ, ನಾ ಮುಟ್ಟಿಲ್ರಿ,” ಎಂದ ರೇವಣಸಿದ್ಧ. “ಜೋರ ಹೊಡದ್ರ ಇದು ನೆಟ್ಟಗ ಹೋಗ್ತದ. ಮೆಲ್ಲಗ ಹೊಡದ್ರ ಓಲಾಡ್ತದ. ಕುಡದಂವಾ ನಾ ಆಗಿದ್ರ ಜೋರ ಹೋಗುಮುಂದ ಬೀಳಬೇಕಿತ್ತಲ್ರಿ.”

ಮಾತು ನಿಜವೇ. ಆದರೆ ಅವನ ದುರದೃಷ್ಟ ನೋಡಿ. ನೆಟ್ಟಗೆ ಹೋಗುತ್ತಿದ್ದುದು ಉಮರ್ಗಾದ ಬಯಲು ದಾರಿಯಲ್ಲಿ. ಅಲ್ಲಿ ಸಾಕ್ಷಿಗೆ ಜಾಲಿ ಮರ, ಕಾಗೆ ಬಿಟ್ಟರೆ ಯಾರೂ ಇಲ್ಲ. ಓಲಾಡುತ್ತಿದ್ದುದು ಬಜಾರಿನಲ್ಲಿ, ಹತ್ತು ಊರಿನವರ ಎದುರು. ಅವನೂ ಸುಮ್ಮನೆ ಕೂತಿರಲಿಲ್ಲ. ಚಕ್ರಕ್ಕೆ ಗಾಳಿ ಹೆಚ್ಚು ಮಾಡಿ ನೋಡಿದ್ದ, ಕಡಿಮೆ ಮಾಡಿ ನೋಡಿದ್ದ, ಕಡ್ಡಿಗಳನ್ನು ಒಂದೊಂದಾಗಿ ಬಿಗಿದಿದ್ದ. ಯಾವುದೂ ಫಲ ಕೊಡಲಿಲ್ಲ.

ಮಲಕಮ್ಮನ ಮೂಗು ಇನ್ನೂ ಕೆಲಸ ಮಾಡುತ್ತಿತ್ತು. ಅವನ ಬಾಯಿ ಬಿಟ್ಟು ಫಟಫಟಿಯ ಕಡೆ ಬಗ್ಗಿದಳು. ಹಿಡಿಕೆಯ ಕೆಳಗೆ, ಅದು ತಿರುಗುವ ಜಾಗಕ್ಕೆ ಬೆರಳಿಟ್ಟಳು. ಬೆರಳಿಗೆ ಕಪ್ಪಗೆ ಅಂಟು ಹತ್ತಿತು. ಮನೆಯಲ್ಲಿ ಮೂರು ಬಂಡಿ. ಗಂಡ ತೀರಿದ ಮೇಲೆ ಹುಲ್ಲು ಸುಟ್ಟು, ಆ ಬೂದಿಯನ್ನು ಔಡಲೆಣ್ಣೆಯಲ್ಲಿ ಕಲಸಿ ಗಾಲಿಗೆ ಹಚ್ಚಿದವಳು ಅವಳೇ. ಮೂಸುವ ಅಗತ್ಯವೂ ಇರಲಿಲ್ಲ.

“ಇದು ಕೀಲೆಣ್ಣಿ ಅಲ್ಲೇನೋ?”

“ಹೌದ್ರಿ ಆಯಿ. ತಂದಾಗಿಂದ ಹಾಕಲತ್ತೀನಿ.”

ಸೋಲಾಪುರದಲ್ಲಿ ಫಟಫಟಿ ಮಾರಿದವನು ಇದರ ಕುತ್ತಿಗೆಗೆ ತಿಂಗಳಿಗೊಮ್ಮೆ ಗಾಡಿಯ ಎಣ್ಣೆ ಹಾಕು ಎಂದು ಹಿಂದುಸ್ತಾನಿಯಲ್ಲಿ ಹೇಳಿ ಕಳಿಸಿದ್ದ. ಅವನ ಮನಸ್ಸಿನಲ್ಲಿ ಯಾವ ಗಾಡಿಯಿತ್ತೋ, ಮುರುಮಿನಲ್ಲಿ ಗಾಡಿ ಎಂದರೆ ಎತ್ತಿನ ಗಾಡಿ, ಗಾಡಿಯ ಎಣ್ಣೆ ಎಂದರೆ ಕೀಲೆಣ್ಣೆ. ರೇವಣಸಿದ್ಧ ಮನೆಯ ಡಬ್ಬಿಯಿಂದಲೇ ತುಂಬಿದ. ಫಟಫಟಿ ಓಲಾಡಿತು. ಸಾಲದೇನೋ ಎಂದು ಇನ್ನಷ್ಟು ತುಂಬಿದ. ಇನ್ನಷ್ಟು ಓಲಾಡಿತು. ಹೀಗೆ ಮೂರು ತಿಂಗಳು ಕೀಲೆಣ್ಣೆಯೂ ಬಜಾರಿನ ಧೂಳೂ ಸೇರಿ ಒಳಗೆ ಡಾಂಬರಿನಂತೆ ಗಟ್ಟಿಯಾಗಿತ್ತು.

ತಾಯಿ ಹೇಳಿದಂತೆ ಕಲ್ಯಾಣಪ್ಪ ಮುಂದಿನ ಚಕ್ರ ಎತ್ತಿ ಹಿಡಿದ. ಮಲಕಮ್ಮ ಹಿಡಿಕೆಯನ್ನು ಒಂದೇ ಬೆರಳಿನಿಂದ ನೂಕಿದಳು. ಅದು ನೂಕಿದಲ್ಲಿಯೇ ನಿಂತಿತು.

“ಇದರ ಕುತ್ತಿಗಿ ಸೆಟದದ,” ಎಂದಳು. “ಜೋರ ಹೋಗುಮುಂದ ಆ ಓಟನ ಇದನ್ನ ನೆಟ್ಟಗ ಹಿಡದು ನಿಲ್ಲಸ್ತದ. ಮೆಲ್ಲಗ ಹೋಗುಮುಂದ ಇದು ಗಳಿಗಿಗೊಮ್ಮಿ ಅತ್ತಿತ್ತ ಹೊಳ್ಳಬೇಕು. ಹೊಳ್ಳಂಗಿಲ್ಲ. ನೀ ಜಗ್ತಿ, ಒಮ್ಮಿಗೇ ಹೊಳ್ಳತದ. ಮತ್ತ ಈ ಕಡಿ ಜಗ್ತಿ.”

ಕಿರಾಣಿ ಅಂಗಡಿಯಿಂದ ಚಿಮಣಿ ಎಣ್ಣೆ ಬಂತು. ಕುತ್ತಿಗೆ ಬಿಚ್ಚಿ ತೊಳೆದರೆ ಕಪ್ಪು ಮುದ್ದೆಮುದ್ದೆಯಾಗಿ ಉದುರಿತು. ಒಳಗಿನ ಉಕ್ಕಿನ ಗುಂಡುಗಳು ಆಗಷ್ಟೇ ಕಣ್ಣು ಬಿಟ್ಟವು. ಸಿಂಪಿಗನ ಹೊಲಿಗೆ ಯಂತ್ರದ ಎಣ್ಣೆ ನಾಲ್ಕು ಹನಿ ಬಿದ್ದ ಮೇಲೆ ಹಿಡಿಕೆ ಮುಟ್ಟುವುದೇ ತಡ, ತಾನಾಗಿ ಪಕ್ಕಕ್ಕೆ ವಾಲಿತು. ಸಂಬಂಧ ಮುರಿಯಲು ಬಂದ ಕಲ್ಯಾಣಪ್ಪ ಅಷ್ಟು ಹೊತ್ತಿಗೆ ಮೊಳಕೈವರೆಗೆ ಮಸಿಯಾಗಿ, ನಟ್ಟು ಬಿಗಿಯುವುದರಲ್ಲಿ ಅಳಿಯನಿಗೇ ಬುದ್ಧಿ ಹೇಳುತ್ತಿದ್ದ.

ಸೇಂದಿ ಅಂಗಡಿಯಿಂದ ಬಸವಣ್ಣನ ಗುಡಿಯವರೆಗೆ ತನ್ನ ಹೆಜ್ಜೆಗೆ ಸರಿಯಾಗಿ ಹೊಡೆದು ತೋರಿಸು ಎಂದಳು ಮಲಕಮ್ಮ. ಕೋಲೂರಿಕೊಂಡು ಮುದುಕಿ ಮುಂದೆ, ಅವಳ ಹಿಂದೆ ಫಟಫಟಿ, ಅದರ ಹಿಂದೆ ಸಂತೆಗೆ ಸಂತೆಯೇ. ಎರಡು ಕಡೆ ಉಸಿರು ತೆಗೆದುಕೊಳ್ಳಲು ಅವಳು ನಿಂತಳು. ರೇವಣಸಿದ್ಧನೂ ನಿಂತ, ಮತ್ತೆ ಹೊರಟ. ಧೂಳಿನಲ್ಲಿ ಚಕ್ರದ ಗೆರೆ ಗುಡಿಯವರೆಗೂ ನೆಟ್ಟಗೆ ಮೂಡಿತು. ಅವನ ಕಣ್ಣಲ್ಲಿ ನೀರಿತ್ತು; ಹೊಗೆ ಹೊಕ್ಕಿತು ಎಂದು ಹೇಳಿಕೊಂಡ.

ಉಳಿದ ಕೀಲೆಣ್ಣೆಯ ಡಬ್ಬಿಯನ್ನು ಮಲಕಮ್ಮ ಅವನ ಮನೆಯಿಂದ ತರಿಸಿ ತನ್ನ ಬಂಡಿಗೆ ಹಾಕಿಕೊಂಡಳು. ಮಾಕಣಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಕುಸುಮಬಾಯಿ ಬಾಗಿಲ ಮರೆಯಲ್ಲಿ ಕೂತು, ಬೆಳಿಗ್ಗೆಯೇ ಹಸನು ಮಾಡಿದ ಜೋಳವನ್ನು ಮತ್ತೆ ಹಸನು ಮಾಡುತ್ತಿದ್ದಳು. ತಲೆ ಎತ್ತದೆ ಕೇಳಿದಳು:

“ಅವರು ಕುಡೀತಾರಂತ, ಖರೇ ಏನ ಆಯಿ?”

ಮಲಕಮ್ಮ ಡಬ್ಬಿಯನ್ನು ಅವಳ ಮುಂದೆ ಇಟ್ಟಳು.

“ಅಂವಾ ಕುಡಿಯಂಗಿಲ್ಲ. ಫಟಫಟಿಗಿ ಕುಡಸ್ತಿದ್ದ. ಬಿಡಿಸಿ ಬಂದೀನಿ.”