ಮೊಳೆ ಇಲ್ಲದ ಸ್ಟೂಲು

ಬಡಗಿಯ ಹೆಂಡತಿ ಬೀಸಿದ ಸುತ್ತಿಗೆ ಏಟಿಗೆ ಮೂರು ಬೀದಿ ನಾಯಿಗಳು ಊರೇ ಬಿಟ್ಟವಂತೆ. ಸತ್ತ ಗಂಡ ಕೊನೇದಾಗಿ ಮಾಡಿದ ಸ್ಟೂಲು ಮಾತ್ರ ಜಪ್ಪಯ್ಯ ಅಂದ್ರೂ ಅಲುಗಲಿಲ್ಲ. "ನಿಮ್ಮಣ್ಣ ಎದೆನೋವು ಅಂತ ಒಂದು ಮಾತು ಬಾಯಿ ಬಿಟ್ರಾ? ಇದನ್ನೇ ಉಜ್ಜುತ್ತಾ ಕೂತಿದ್ರು!" ಅಂತ ಮೈದುನನ ಮುಂದೆ ಇನ್ನೊಂದು ಏಟು ಬಿಟ್ಟಳು.

"ಮೊದಲು ಮೊಳೆ ಕೀಳಿ ಅತ್ತಿಗೆ, ತಾನೇ ಬಿಚ್ಚಿಕೊಳ್ಳುತ್ತೆ."

ಅವಳು ಸ್ಟೂಲನ್ನ ತಲೆಕೆಳಗು ಮಾಡಿದಳು. ಕಾಲು ಸವರಿದಳು, ಸಂದಿಗೆ ಉಗುರು ತೂರಿಸಿದಳು.

"ಒಂದು ಮೊಳೆನೂ ಇಲ್ಲ ಕಣೋ! ಮತ್ತೆ ಇದು ಹೇಗೆ ನಿಂತಿದೆ?"

"ಅಣ್ಣ ಯಾರಿಗೆ ಹೇಳಿದ್ದ? ಕೊಡಿ, ಗರಗಸ ಹಾಕ್ತೀನಿ."

"ಮುಟ್ಟಿದ್ರೆ ಕೈ ಮುರೀತೀನಿ!"

ಸುತ್ತಿಗೆ ಪಕ್ಕಕ್ಕಿಟ್ಟು ಸ್ಟೂಲನ್ನ ಮಡಿಲಿಗೆ ಎಳೆದುಕೊಂಡಳು. ಸಂದಿಗೆ ಒಂದು ಕಣ್ಣು ಇಟ್ಟು ಹೇಳಿದಳು: "ಇದನ್ನೂ ಮುಚ್ಚಿಟ್ರಾ ಮಹರಾಯ್ರೇ? ಇರಿ, ಕಂಡುಹಿಡೀತೀನಿ."