ಕಾಲುಂಗುರ ತೆಗೆದಿಟ್ಟು ಹೋದ ಇಂಟರ್ವ್ಯೂ

ತುಮಕೂರಿನ ಆ ಮಕ್ಕಳ ಕ್ಲಿನಿಕ್‌ನಲ್ಲಿ ಚಪ್ಪಲಿ ಹೊರಗೇ ಬಿಡಬೇಕು... ಶೈಲಶ್ರೀಗೆ ಅದು ಗೊತ್ತಿರಲಿಲ್ಲ.

ರಿಸೆಪ್ಷನಿಸ್ಟ್ ಕೆಲಸದ ಇಂಟರ್ವ್ಯೂಗೆ ಬಂದಿದ್ದಳು. ಗಂಡ ದುಡಿಯುತ್ತಿದ್ದ ಫ್ಯಾಕ್ಟರಿ ಮುಚ್ಚಿತ್ತು. ಮಗಳ ಔಷಧಿಗೂ ತತ್ವಾರ. ಈ ಕೆಲಸ ಸಿಗಲೇಬೇಕಿತ್ತು.

ಬೆಳಿಗ್ಗೆ ಹೊರಡುವಾಗ ಓರಗಿತ್ತಿ ಪಾರ್ವತಿ ಬಾಗಿಲಲ್ಲೇ ತಡೆದಿದ್ದಳು.

“ಹೋದ ಸಲ ಏನಾಯ್ತು, ಮರೆತ್ಯಾ? ಮಗು ಇದೆ ಅಂದ ತಕ್ಷಣ ‘ದಿನಾ ರಜ ಕೇಳ್ತೀರ’ ಅಂತ ಕಳಿಸಿಬಿಟ್ರಲ್ಲ! ಈ ಸಲ ಮದುವೇನೇ ಆಗಿಲ್ಲ ಅನ್ನು. ತಾಳಿ ಪರ್ಸಲ್ಲಿಟ್ಕೊ. ಕಾಲುಂಗುರ ಬಿಚ್ಚು.”

“ಅಕ್ಕಾ, ಅಪಶಕುನ...”

“ಸಂಬಳ ಬಂದ್ಮೇಲೆ ದೇವ್ರಿಗೆ ತಪ್ಪುಕಾಣಿಕೆ ಹಾಕಿದ್ರಾಯ್ತು, ಹೋಗೆ!”

ಈಗ ಡಾಕ್ಟರ ಎದುರು ಬರಿಗಾಲಲ್ಲಿ ಕೂತಾಗ, ಬೆರಳಿನ ಸುತ್ತ ಉಳಿದಿದ್ದ ಬಿಳಿ ಗುರುತು ಕಣ್ಣಿಗೆ ಹೊಡೆಯುತ್ತಿತ್ತು. ಕಾಲನ್ನು ಮೆಲ್ಲಗೆ ಕುರ್ಚಿಯಡಿ ಎಳೆದುಕೊಂಡಳು.

“ಮದುವೆ?” ಕೇಳಿದರು ಡಾಕ್ಟರ್ ಪ್ರಮೀಳಾ.

“ಆಗಿಲ್ಲ ಮೇಡಂ.”

“ಡಿಗ್ರಿ ಮುಗಿದು ಇಷ್ಟು ವರ್ಷ ಆಯ್ತಲ್ಲ, ಏನ್ಮಾಡ್ತಿದ್ರಿ?”

“ಮನೇಲಿ... ಸುಮ್ನೆ ಇದ್ದೆ.”

ಒಂದು ಸುಳ್ಳು ಇನ್ನೊಂದನ್ನು ಕೈಹಿಡಿದು ಕರೆತರುತ್ತಿತ್ತು...

“ನೋಡಿ, ಕಂಪ್ಯೂಟರ್ ಯಾರು ಬೇಕಾದ್ರೂ ಕಲೀತಾರೆ. ಇಲ್ಲಿ ಮಗು ಕಿರುಚ್ತಿರತ್ತೆ, ತಾಯಿ ಅಳ್ತಿರ್ತಾಳೆ. ಅವರನ್ನ ಸಮಾಧಾನ ಮಾಡೋರು ಬೇಕು ನಂಗೆ. ಮಕ್ಕಳ ಜೊತೆ ಅಭ್ಯಾಸ ಇದೆಯಾ?”

ಅಭ್ಯಾಸವೇ? ಉಬ್ಬಸದ ಮಗಳನ್ನು ಎದೆಗೊತ್ತಿಕೊಂಡು ಎಷ್ಟು ಆಸ್ಪತ್ರೆಗಳ ಬೆಂಚಿನ ಮೇಲೆ ಕೂತಿದ್ದಳು! ನೆಬ್ಯುಲೈಸರ್ ಮಾಸ್ಕ್ ಕಂಡರೆ ಚೀರುವ ಮಗುವಿಗೆ ಅದನ್ನೇ ಆನೆ ಸೊಂಡಿಲು ಮಾಡಿ ಆಡಿಸಿದ್ದಳು...

ನಿಜ ಹೇಳಿದರೆ ಸುಳ್ಳುಗಾತಿ. ಹೇಳದಿದ್ದರೆ ಏನೂ ಬಾರದವಳು. ತನ್ನ ಬಾಯಿಗೆ ಬೀಗ ಹಾಕಿಕೊಂಡವಳು ತಾನೇ.

“ಇಲ್ಲ ಮೇಡಂ... ಅಭ್ಯಾಸ ಇಲ್ಲ.”

“ಸರಿ. ಹೋಗಿ ಬನ್ನಿ.”

ಬಾಗಿಲವರೆಗೆ ಹೋದಳು... ಕಾಲು ಮುಂದೆ ಸಾಗಲಿಲ್ಲ. ಕೆಲಸ ಹೋಯಿತು, ಸರಿ. ಹೆತ್ತ ಮಗಳನ್ನೇ ಇಲ್ಲ ಅಂದುಬಿಟ್ಟೆನಲ್ಲ... ಈ ಮುಖ ಹೊತ್ತು ಮನೆಗೆ ಹೇಗೆ ಹೋಗಲಿ?

“ಮೇಡಂ, ಸುಳ್ಳು ಹೇಳಿದೆ. ನಂಗೆ ಮಗಳಿದಾಳೆ. ಅವಳಿಗೆ ಉಬ್ಬಸ...”

ಡಾಕ್ಟರ್ ಕನ್ನಡಕ ತೆಗೆದಿಟ್ಟರು.

“ಮದುವೆ ಆಗಿದೆ ಅಂತ ನಿಮ್ಮ ಕಾಲು ನೋಡಿದಾಗ್ಲೇ ಗೊತ್ತಾಯ್ತು ಕಣಮ್ಮ. ಒಂದು ಮಾತು ಹೇಳಿ... ನಾನು ಕೆಲಸ ಕೊಟ್ಟಿದ್ರೆ, ನಾಳೆ ಮಗೂಗೆ ಉಸಿರು ಕಟ್ಟಿದಾಗ ಯಾವ ಬಾಯಲ್ಲಿ ರಜ ಕೇಳ್ತಿದ್ರಿ?”

ಶೈಲಶ್ರೀ ಕಣ್ಣೊರೆಸಿಕೊಂಡಳು.

“ಬನ್ನಿ, ಕೂತ್ಕೊಳ್ಳಿ. ಮಗಳ ಹೆಸರೇನು?”

“ಇಂಚರ...”

“ಇಂಚರ ಔಷಧಿ ಬೇಡ ಅಂತ ಹಟ ಮಾಡಿದ್ರೆ ಏನ್ಮಾಡ್ತೀರಿ?”

ಅವಳು ಹೇಳತೊಡಗಿದಳು... ಹೇಳುತ್ತಲೇ ಹೋದಳು. ಅಳುತ್ತಾ, ನಡುನಡುವೆ ನಗುತ್ತಾ.

ಕೊನೆಗೆ ಡಾಕ್ಟರ್ ಅಂದರು, “ಸೋಮವಾರದಿಂದ ಬನ್ನಿ. ಇನ್ನೊಮ್ಮೆ ಸುಳ್ಳು ಹೇಳಿದ್ರೆ ಮಾತ್ರ ಕ್ಷಮಿಸಲ್ಲ. ಮಗಳಿಗೆ ಹುಷಾರಿಲ್ಲದ ದಿನ ಅವಳನ್ನೂ ಕರ್ಕೊಂಡು ಬನ್ನಿ. ಇದು ಮಕ್ಕಳ ಆಸ್ಪತ್ರೆ ತಾನೇ?”

*

ಕೆಲಸ ಸಿಗಲೆಂದು ನಾವು ಬಚ್ಚಿಡುವ ಬದುಕೇ ಕೆಲವೊಮ್ಮೆ ಆ ಕೆಲಸಕ್ಕೆ ನಮಗಿರುವ ದೊಡ್ಡ ಅರ್ಹತೆ.

ಯಾರೋ ಬೇಡ ಅಂದಾರೆಂಬ ಭಯಕ್ಕೆ, ನೀವು ನಿಮ್ಮ ಬದುಕಿನ ಯಾವುದನ್ನು ‘ಇಲ್ಲ’ ಅನ್ನುತ್ತಿದ್ದೀರಿ?