ಈಜಿಪ್ಟಿನ ಕೊಲೆಗಾರ

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಈಜಿಪ್ಟಿನ ಗೋರಿಗಳನ್ನು ಅಗೆಯುತ್ತ, ಟೀ ಹೊತ್ತಿಗೆ ಸರಿಯಾಗಿ ಕೊಲೆಗಾರನನ್ನೂ ಹಿಡಿಯುವ ದೊರೆಸಾನಿಯರ ಪತ್ತೇದಾರಿ ಕಾದಂಬರಿಗಳೆಂದರೆ ವನಮಾಲೆಗೆ ಪ್ರಾಣ. ಹೆಣ ಬಿದ್ದ ಪುಟದಲ್ಲೂ ಬಿದ್ದು ಬಿದ್ದು ನಗುತ್ತಿದ್ದಳು. ಹಿಂದೊಮ್ಮೆ ಗಂಡ ಬಾಯಿತಪ್ಪಿ ಕೊಲೆಗಾರನ ಹೆಸರು ಹೇಳಿದ್ದಕ್ಕೆ ವಾರಗಟ್ಟಲೆ ಮಾತು ಬಿಟ್ಟಿದ್ದಳು.

ಇಂದು ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಅವಳ ಸ್ಟ್ರೆಚರ್ ನಿಂತಿತ್ತು. ಹೊಸ ಕಾದಂಬರಿ ಗಂಡನ ಕೈಯಲ್ಲಿತ್ತು. ಅವನು ಓದಿ ಮುಗಿಸಿದ್ದ. ಅವಳಿಗೆ ಕೊನೆಯ ಅಧ್ಯಾಯವೊಂದು ಬಾಕಿಯಿತ್ತು.

"ಏನೂ ಆಗಲ್ಲ ಅಂತ ಡಾಕ್ಟ್ರೇ ಹೇಳಿದಾರೆ ಕಣೇ. ಹೊರಗೆ ಬಂದ್ಮೇಲೆ ಆರಾಮಾಗಿ ಓದ್ಕೊಳ್ಳೋವಂತೆ," ಎಂದು ಅವನು ಪುಸ್ತಕದ ರಟ್ಟು ನೋಡುತ್ತಲೇ ಹೇಳಿದ.

ಅವಳು ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದಳು. ಆಮೇಲೆ ಅವನ ಕೈ ಹಿಡಿದುಕೊಂಡಳು.

"ರೀ, ಕೊಲೆಗಾರ ಯಾರು ಅಂತ ಈಗ್ಲೇ ಹೇಳ್ಬಿಡಿ."